ಮಣ್ಣಿಗೆ ಕೊಟ್ಟ ಗಂಟು

ಪ್ರತಿ ಶನಿವಾರ ಸಂಜೆ ಚಾಮರಾಜನಗರದ ಬಸ್ಸು ಗುಂಡ್ಲುಪೇಟೆಗೆ ಬಂದು ನಿಲ್ಲುವ ಹೊತ್ತಿಗೆ ಮರಿಮಲ್ಲಪ್ಪನ ಮನೆಯಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತಿದ್ದವು. ಹೆಂಡತಿ ನಾಗಲಕ್ಷ್ಮಿ ಮುದ್ದೆಗೆ ಎಸರಿಡುತ್ತಿದ್ದಳು. ಅವಳ ಅತ್ತೆ ಶಿವರುದ್ರಮ್ಮ ಹಿತ್ತಲ ಬಚ್ಚಲಲ್ಲಿ ಬಿಸಿನೀರು ತೋಡಿಸಿಟ್ಟು ಬಾಗಿಲಿಗೆ ಅಡ್ಡಲಾಗಿ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಮೊಮ್ಮಗಳು ಕಾವ್ಯಶ್ರೀ ಎಂಬಿಬಿಎಸ್ ಮುಗಿಸಿದ ಡಾಕ್ಟರಾದರೂ ಈ ಮನೆಯ ಮುಂಬಾಗಿಲಲ್ಲಿ ಕಾಲಿಡುವಂತಿರಲಿಲ್ಲ. ಹಿತ್ತಲಿಂದ ಬಂದು, ತಲೆ ಮೇಲೆ ನೀರು ಹುಯ್ದುಕೊಂಡ ಮೇಲೆಯೇ ಒಳಗೆ ಪ್ರವೇಶ.

"ಅಲ್ಲೇ ನಿಂತ್ಕೊ ಕಣಮ್ಮಿ. ವಾರವೆಲ್ಲ ಯಾರ್‌ಯಾರ್ದೋ ಮಾಂಸ ಕುಯ್ದು ಬಂದಿದ್ದೀಯ. ಬ್ಯಾಗ್ನೂ ಅಲ್ಲೇ ಮಡಗು."

"ಕೈಗೆ ಗ್ಲೌಸು ಹಾಕ್ಕೊಂಡಿರ್ತೀನಿ ಅಜ್ಜಿ."

"ಕೈಗಾಕಂಡ್ರೆ ಕಣ್ಣಿಗಾಕಂಡಿದ್ದೀಯಾ? ಕೊರಳಲ್ಲಿ ಲಿಂಗ ಕಟ್ಕೊಂಡಿರೋಳು ನೀನು. ಉಯ್ಕೊ ಅಂದ್ರೆ ಉಯ್ಕೊ."

ಕಾವ್ಯ ಉಯ್ದುಕೊಳ್ಳುತ್ತಿದ್ದಳು. ಅಜ್ಜಿಯ ಜೊತೆ ವಾದಕ್ಕೆ ಕೂತರೆ ನೀರು ಆರಿಹೋಗುತ್ತದೆ ಅಷ್ಟೆ, ಅಜ್ಜಿ ಆರುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು.

ಮರಿಮಲ್ಲಪ್ಪನ ಸಂಕಟವೇ ಬೇರೆ. ತೆರಕಣಾಂಬಿ ಮಾರುಕಟ್ಟೆಯಲ್ಲಿ ಬೀನ್ಸು, ಟೊಮೆಟೊ ಹಿಡಿದು ಸುಲ್ತಾನ್ ಬತ್ತೇರಿಗೆ ಲಾರಿ ಕಳಿಸುವ ಮನುಷ್ಯ ಅವನು. ಮಗಳಿಗೆ ಮೆಡಿಕಲ್ ಸೀಟು ಸಿಕ್ಕಿದ ವರ್ಷವೇ ಮನೆ ಮುಂದಿನ ಕೋಣೆಗೆ ಬಿಳಿ ಟೈಲ್ಸು ಹಾಕಿಸಿ, ರೋಗಿಗಳು ಕೂರಲು ಸಿಮೆಂಟಿನ ಕಟ್ಟೆ ಕಟ್ಟಿಸಿದ್ದ. ಮಗಳು ಬಂದು ಕೊರಳಿಗೆ ಸ್ಟೆತಸ್ಕೋಪು ಹಾಕಿಕೊಂಡು ಕೂರುವುದೊಂದು ಬಾಕಿ. ಅವಳು ಎಂಬಿಬಿಎಸ್ ಮುಗಿಸಿ, ಮನೆಯಲ್ಲಿ ಕೂತು ಇನ್ನೊಂದು ಪರೀಕ್ಷೆಗೆ ಓದಿ, ಚಾಮರಾಜನಗರದ ಮೆಡಿಕಲ್ ಕಾಲೇಜಿನಲ್ಲಿ ಎಂಡಿಗೆ ಸೇರಿದಳು. ಸೇರಿದ್ದು ಪೆಥಾಲಜಿಗೆ. ಹಾಗೆಂದರೇನು ಎಂದು ಯಾರೋ ಕೇಳಿದಾಗ ಮರಿಮಲ್ಲಪ್ಪ ಮಗಳ ಮುಖ ನೋಡಿದ. ಅವಳು ಹೇಳಿದ್ದನ್ನು ಕೇಳಿದ ಮೇಲೆ ಅವನು ಇನ್ನು ಯಾರಿಗೂ ಹೇಳಲಿಲ್ಲ. "ಎಂಡಿ ಮಾಡ್ತಾವ್ಳೆ" ಎಂದಷ್ಟೇ ಹೇಳಿ ಮಾತು ಬೀನ್ಸಿನ ರೇಟಿಗೆ ತಿರುಗಿಸುತ್ತಿದ್ದ.

ಆ ಶನಿವಾರ ಭೀಮನಬೀಡಿನಿಂದ ಅವನ ತಂಗಿ ಚಿಕ್ಕಮಲ್ಲಮ್ಮ ಬಂದಿದ್ದಳು. ಮಂಡಿ ನೋವು. ಅಣ್ಣನ ಮಗಳು ಡಾಕ್ಟರಿರುವಾಗ ದುಡ್ಡು ಕೊಟ್ಟು ಯಾಕೆ ತೋರಿಸಬೇಕು ಎಂದು ಮಧ್ಯಾಹ್ನದಿಂದ ಆ ಸಿಮೆಂಟಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಕಾವ್ಯ ಒದ್ದೆ ಕೂದಲು ಗಂಟು ಹಾಕಿಕೊಂಡು ಬಂದು ಮಂಡಿ ಮುಟ್ಟಿ ನೋಡಿದಳು.

"ಮೂಳೆ ಡಾಕ್ಟರ್ ಹತ್ರ ತೋರ್ಸಿ ಅತ್ತೆ. ಎಕ್ಸ್‌ರೇ ಆಗ್ಬೇಕು."

"ಒಂದ್ ಮಾತ್ರೆನಾದ್ರೂ ಬರ್ಕೊಡಮ್ಮಿ."

"ಬರ್ಕೊಟ್ರೆ ನೋವು ಮುಚ್ಚೋಗುತ್ತೆ, ಕಾಯಿಲೆ ಹಂಗೇ ಇರುತ್ತೆ. ತೋರ್ಸಿ."

ಊಟಕ್ಕೆ ಕೂತಾಗ ಮರಿಮಲ್ಲಪ್ಪ ಉಪ್ಸಾರಿನಲ್ಲಿ ಮುದ್ದೆ ಮುರಿಯುತ್ತಾ ಬಾಯಿಬಿಟ್ಟ. "ನನ್ ತಂಗಿ ಅಲ್ಲಿಂದ ಬಸ್ ಚಾರ್ಜ್ ಕೊಟ್ಕೊಂಡ್ ಬಂದ್ಳು. ಒಂದ್ ಚೀಟಿ ಬರ್ಯಾಕೆ ನಿನ್ ಕೈ ಸವ್ದೋಯ್ತಿತ್ತಾ?"

"ಅಪ್ಪ, ನಾನು ಕಲೀತಿರೋದು ಅದನ್ನಲ್ಲ."

"ಇನ್ನೇನ್ ಕಲೀತಿದ್ದೀಯ? ಜನದ್ ಮುಖ ನೋಡ್ದೆ ಬಾಟ್ಲಿ ನೋಡ್ಕಂಡ್ ಕೂರಾಕೆ ಇಷ್ಟ್ ವರ್ಷ ಓದ್ಬೇಕಾ? ಇನ್ನೂ ಎಷ್ಟ್ ವರ್ಷ ಅದು?"

"ಎಂಡಿ ಮುಗಿಯೋಕೆ ಇನ್ನೊಂದೂವರೆ ವರ್ಷ. ಥೀಸಿಸ್ ಬರೀಬೇಕು, ಪರೀಕ್ಷೆ ಆಗ್ಬೇಕು. ಆಮೇಲೂ ದೊಡ್ಡ ಆಸ್ಪತ್ರೇಲಿ ಸೀನಿಯರ್‌ಗಳ ಕೈಕೆಳ್ಗೆ ಇದ್ದು ಕಲೀಬೇಕು."

"ಅಷ್ಟೊತ್ತಿಗೆ ನಿನ್ ತಲೆ ನೆರ್ತಿರ್ತದೆ. ಯಾವ್ ಗಂಡು ಬತ್ತನೆ ಆಗ?"

ಕಾವ್ಯ ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದಳು. ಅಣ್ಣ ಮಹದೇವ ತಟ್ಟೆಯಿಂದ ತಲೆ ಎತ್ತಲೇ ಇಲ್ಲ. ಅವನು ಅಪ್ಪನ ಲಾರಿ ನೋಡಿಕೊಳ್ಳುವವನು, ಅಪ್ಪ ಕೊಟ್ಟಾಗ ಕೈಗೆ ಕಾಸು ಕಾಣುವವನು. ತಂಗಿಯ ಪರ ಮಾತಾಡಬೇಕೆಂದು ಅನ್ನಿಸಿದಾಗಲೆಲ್ಲ ಅವನಿಗೆ ಹಸಿವು ಜೋರಾಗುತ್ತಿತ್ತು.

ನಾಗಲಕ್ಷ್ಮಿಗೆ ಮಾತ್ರ ಮಗಳು ಏನು ಕಲಿಯುತ್ತಿದ್ದಾಳೆಂದು ಗೊತ್ತಿತ್ತು. ಆ ರಾತ್ರಿ ಅವರೆಕಾಯಿ ಬಿಡಿಸುವಾಗ ಮಗಳೇ ಹೇಳಿದ್ದಳು. ಆಪರೇಷನ್ನಿನಲ್ಲಿ ತೆಗೆದ ತುಂಡು ಬಾಟಲಿಯಲ್ಲಿ ಬರುತ್ತದೆ. ಕೊಳೆಯದಿರಲಿ ಎಂದು ಅದರೊಳಗೆ ಔಷಧಿ ನೀರು ಇರುತ್ತದೆ. ಅದನ್ನು ಅಳೆದು, ಎಲ್ಲಿ ಕೊಯ್ಯಬೇಕೋ ಅಲ್ಲೇ ಕೊಯ್ದು, ಮೇಣದಲ್ಲಿ ಕೂರಿಸಿ, ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಹಾಸಿ ಬಣ್ಣ ಹಾಕುತ್ತಾರೆ. ಆಮೇಲೆ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಅದು ಯಾವ ಕಾಯಿಲೆ ಅಂತ ಹೆಸರು ಹೇಳಬೇಕು. ರಕ್ತದ್ದೊಂದು ಕಲಿಕೆ, ಸೂಜಿ ಹಾಕಿ ತೆಗೆದ ನೀರಿನದೊಂದು, ರಕ್ತನಿಧಿಯದೊಂದು. ಸರದಿಯ ಮೇಲೆ ಒಂದೊಂದು ಕಡೆಯೂ ಒಂದಷ್ಟು ತಿಂಗಳು ಕೂರಬೇಕು.

"ಮೊದಮೊದ್ಲು ಎಲ್ಲಾ ಒಂದೇ ಥರ ಗುಲಾಬಿ, ನೇರಳೆ ಕಾಣ್ಸೋದು ಕಣವ್ವ. ಸಾವಿರ ನೋಡಿದ್ಮೇಲೆ ಕಣ್ಣಿಗೆ ತಾನಾಗೇ ತಿಳಿಯುತ್ತೆ. ನಮ್ಮ ಮೇಡಂ ಅಂತಾರೆ, ಸರ್ಜನ್ನು ಕೊಯ್ತಾನೆ, ಆದ್ರೆ ಮುಂದಕ್ಕೆ ಏನು ಮಾಡ್ಬೇಕು ಅಂತ ನಮ್ಮ ಮಾತಿಗೆ ಕಾಯ್ತಾನೆ ಅಂತ."

"ನಿನ್ ಮಾತ್ಗೆ ಡಾಕ್ಟ್ರು ಕಾಯ್ತರಾ?"

"ಕಾಯ್ಲೇಬೇಕು."

ನಾಗಲಕ್ಷ್ಮಿಗೆ ಎದೆ ಉಬ್ಬಿತು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳ ಮಾತಿಗೆ ಯಾರೂ ಕಾದವರಲ್ಲ. ಮಗಳ ಮಾತಿಗಾದರೂ ಕಾಯುತ್ತಾರಲ್ಲ ಅಂದುಕೊಂಡಳು. ಆ ಉಬ್ಬಿದ ಎದೆಯ ಎಡಗಡೆ, ಕಂಕುಳ ಹತ್ತಿರ, ಅವರೆಕಾಳಿನಂಥ ಗಂಟೊಂದು ಇತ್ತು. ಕೈಗೆ ಸಿಕ್ಕಿ ಆಗಲೇ ಒಂದಷ್ಟು ದಿನವಾಗಿತ್ತು. ಹೇಳಲು ಬಾಯಿ ತೆರೆದವಳು ಮಗಳ ಕಣ್ಣ ಕೆಳಗಿನ ಕಪ್ಪು ನೋಡಿ, ಈಗ ಬೇಡ, ಥೀಸಿಸ್ಸು ಮುಗಿಸಲಿ ಎಂದು ಸುಮ್ಮನಾದಳು. ಹೆದರಿಕೆಗೆ ಅವಳು ಕೊಟ್ಟುಕೊಂಡ ಹೆಸರು ಅದು.

ಗಂಟು ಯಾರ ಥೀಸಿಸ್ಸಿಗೂ ಕಾಯಲಿಲ್ಲ. ದೀಪಾವಳಿ ಕಳೆಯುವುದರೊಳಗೆ ಗೋಲಿಯಷ್ಟಾಯಿತು. ಒಂದು ದಿನ ರೊಟ್ಟಿ ತಟ್ಟುವಾಗ ತೋಳು ಎತ್ತಲಾಗದೆ ನಾಗಲಕ್ಷ್ಮಿ ಗಂಡನಿಗೆ ಹೇಳಿದಳು. ಮರಿಮಲ್ಲಪ್ಪ ಕೆಟ್ಟವನಲ್ಲ. ಕೇಳಿದವನೇ ಅವತ್ತಿನ ಲೋಡನ್ನು ಮಗನಿಗೆ ಒಪ್ಪಿಸಿ ಹೆಂಡತಿಯನ್ನು ಊರಿನ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದ.

"ಕಾವ್ಯಂಗೊಂದ್ ಫೋನ್ ಮಾಡನ" ಎಂದಳು ನಾಗಲಕ್ಷ್ಮಿ.

"ಅವ್ಳಿಗ್ಯಾಕೆ? ಅವ್ಳು ಬಂದು ಮೈಸೂರು, ಬೆಂಗ್ಳೂರು ಅಂತ ಊರೆಲ್ಲ ಸುತ್ತಿಸ್ತಾಳೆ. ತೆಗ್ಸಾಕ್ಬುಟ್ಟು ಆಮ್ಯಾಕ್ ಯೋಳನ."

ಅಲ್ಲಿ ಸುಧಾಕರ್ ಡಾಕ್ಟರು ನೋಡಿದರು. ಮೊದಲು ಸ್ಕ್ಯಾನ್ ಮಾಡಿಸಿ, ಸೂಜಿ ಹಾಕಿ ನೋಡೋಣ ಎಂದರು. ಮರಿಮಲ್ಲಪ್ಪ ಕೇಳಬೇಕಲ್ಲ. ಎರಡೆರಡು ಸಲ ಯಾಕೆ ನೋಯಿಸುತ್ತೀರಿ, ತೆಗೆಯುವುದಾದರೆ ಒಟ್ಟಿಗೇ ತೆಗೆದುಬಿಡಿ ಎಂದು ಪಟ್ಟು ಹಿಡಿದ. ಆ ಜಾಗಕ್ಕಷ್ಟೇ ಮರಗಟ್ಟಿಸಿ ಗಂಟು ತೆಗೆದರು. ತೆಗೆದದ್ದನ್ನು ಅಗಲ ಬಾಯಿಯ ಪ್ಲಾಸ್ಟಿಕ್ ಬಾಟಲಿಯ ಔಷಧಿ ನೀರಿನಲ್ಲಿ ಹಾಕಿ, ಮೇಲೆ ಹೆಸರು ಬರೆದು, ಮರಿಮಲ್ಲಪ್ಪನ ಕೈಗೆ ಕೊಟ್ಟರು.

"ನಿಮ್ಮ ಮಗಳು ಪೆಥಾಲಜಿಲೇ ಇದಾರೆ ಅಂತ ನಿಮ್ಮ ಮನೆಯವರು ಅಂದ್ರಲ್ಲ, ಇವತ್ತೇ ಅವರ ಲ್ಯಾಬಿಗೆ ಮುಟ್ಟಿಸಿ. ಮುಚ್ಚಳ ತೆಗೀಬೇಡಿ."

ಬ್ಯಾಂಡೇಜಿನ ನೋವಿನಲ್ಲೂ ನಾಗಲಕ್ಷ್ಮಿಗೆ ಒಂದು ಥರದ ಸಮಾಧಾನ. ತನ್ನ ಮೈಯದು ತನ್ನ ಮಗಳ ಕೈಗೇ ಹೋಗುತ್ತದೆ. ಅದೇನೆಂದು ಅವಳೇ ಹೇಳುತ್ತಾಳೆ. ಇವರೂ ಅದಕ್ಕೆ ಕಾಯಬೇಕಾಗುತ್ತದೆ. ಆಟೋದಲ್ಲಿ ಮನೆಗೆ ಬರುವಾಗ ಆ ಬಾಟಲಿಯನ್ನು ಅವಳೇ ತೊಡೆಯ ಮೇಲೆ ಸೆರಗು ಮುಚ್ಚಿ ಇಟ್ಟುಕೊಂಡಿದ್ದಳು.

ಜಗಲಿಯಲ್ಲೇ ಶಿವರುದ್ರಮ್ಮ ತಡೆದಳು.

"ಏನ್ಲಾ ಅದು ಮರೀ?"

"ಗಂಟು ಕಣವ್ವ. ಕಾವ್ಯನ ಆಸ್ಪತ್ರೆಗೆ ಕೊಟ್ ಕಳಿಸ್ಬೇಕಂತೆ."

ಮುದುಕಿ ಎದ್ದೇ ನಿಂತಳು. "ಲಿಂಗ ಕಟ್ಟಿರೋ ಮೈಯಿಂದ ಬಂದಿದ್ದನ್ನ ಬಾಟ್ಲಿಲಿ ನೆನಾಕಿ ಬಸ್ನಲ್ಲಿ ಕಳಿಸ್ತಿಯೇನ್ಲಾ? ಕಂಡೋರು ಕುಯ್ದು, ಸುಟ್ಟು, ಬಣ್ಣ ಬಳಿಯಾಕೆ? ನಿಮ್ಮಪ್ಪನ ಕೈಬೆಳ್ಳು ಮಿಷನ್ಗೆ ಸಿಕ್ಕಿ ತುಂಡಾದಾಗ ಏನ್ ಮಾಡುದ್ರು, ನೆಪ್ಪದಾ ನಿಂಗೆ? ವಿಭೂತಿ ಇಟ್ಟು ಮಣ್ಣಿಗ್ ಕೊಟ್ರು. ನಮ್ಮಲ್ಲಿ ಮೈ ಮಣ್ಣಿಗೆ, ಇಡಿಯಾಗ್ಲಿ, ಚೂರಾಗ್ಲಿ."

"ಡಾಕ್ಟ್ರು ಮುಟ್ಸು ಅಂದವ್ರೆ…"

"ಗಂಟು ಈಚೆಗ್ ಬಂತೋ ಇಲ್ವೋ? ರೋಗ ಓಯ್ತೋ ಇಲ್ವೋ? ಇನ್ ಅದ್ರಲ್ಲಿ ನೋಡಾದೇನದೆ?"

ಈ ಮಾತು ಮರಿಮಲ್ಲಪ್ಪನಿಗೆ ಸರಿಕಂಡಿತು. ಕೊಳೆತ ಟೊಮೆಟೊ ಕ್ರೇಟಿನಿಂದ ಆರಿಸಿ ಎಸೆದ ಮೇಲೆ ಅದನ್ನು ಯಾರಾದರೂ ಮತ್ತೆ ಹೆಕ್ಕಿ ನೋಡುತ್ತಾರೆಯೇ? ಒಳಗೆ ಮಂಚದ ಮೇಲೆ ಮಲಗಿದ್ದ ನಾಗಲಕ್ಷ್ಮಿ ಕೂಗಿ ಹೇಳಿದಳು, "ಕಾವ್ಯ ನೋಡ್ಬೇಕು ಅಂದ್ರಲ್ಲ ಅವ್ರು. ಇರ್ಲಿ ಬುಡಿ, ನಾಳೆ ಮಾದೇವ ತಗೊಂಡೋಗ್ಲಿ."

"ನೀ ಸುಮ್ಕೆ ಮಲಿಕ್ಕೊ" ಎಂದಳು ಅತ್ತೆ. "ಒಳ್ಳೇದ್ಕೇ ಮಾಡ್ತಿರಾದು."

ಊರಾಚೆ ಅವರ ಹೊಲದ ಮೂಲೆಯಲ್ಲಿ ನಾಗಲಕ್ಷ್ಮಿಯ ಮಾವನ ಸಮಾಧಿ ಇದೆ. ಅದರ ಪಕ್ಕ ಮಹದೇವನ ಕೈಯಲ್ಲಿ ಗುಳಿ ತೋಡಿಸಿದರು. ಮಣ್ಣಿಗೂ ಮೈಗೂ ನಡುವೆ ಪ್ಲಾಸ್ಟಿಕ್ ಇರಬಾರದೆಂದು ಬಾಟಲಿಯ ನೀರು ಚೆಲ್ಲಿಸಿ, ಆ ತುಂಡನ್ನು ಬಿಲ್ವದ ಎಲೆಯಲ್ಲಿ ಕಟ್ಟಿ, ವಿಭೂತಿ ಇಟ್ಟು, ಕೈಮುಗಿದು, ಮಣ್ಣು ಎಳೆದರು. ಇದನ್ನೆಲ್ಲ ಶಿವರುದ್ರಮ್ಮ ಸಂಜೆ ಸೊಸೆಯ ತಲೆ ಸವರುತ್ತಾ ತಾನಾಗಿಯೇ ಹೇಳಿದಳು. ಪ್ರೀತಿಯಿಂದಲೇ ಹೇಳಿದಳು. ನಾಗಲಕ್ಷ್ಮಿಗೆ ಕೋಪ ಬಂದಿತ್ತು, ಆದರೆ ತಲೆ ಸವರುವ ಕೈಯ ಮೇಲೆ ಕೋಪ ಮಾಡುವುದು ಅವಳಿಗೆ ಅಭ್ಯಾಸವಿರಲಿಲ್ಲ.

"ಕಾವ್ಯ ಕೇಳುದ್ರೆ ಡಾಕ್ಟ್ರೇ ಬಿಸಾಕುದ್ರು ಅನ್ನು" ಎಂದ ಗಂಡ. "ಇಲ್ದಿದ್ರೆ ಮನೆ ಕಿತ್ತು ಬೀದಿಗ್ ಮಡಗ್ತಾಳೆ."

ಶನಿವಾರ ಕಾವ್ಯ ಬಂದಳು. ತಾಯಿಯ ತೋಳು ಮೇಲೇಳದ್ದು ನೋಡಿ ರವಿಕೆ ಸರಿಸಿ ಬ್ಯಾಂಡೇಜು ಕಂಡಳು. ಯಾಕೆ ಹೇಳಲಿಲ್ಲ ಅಂತಲೂ ಕೇಳಲಿಲ್ಲ, ನೋಯುತ್ತಾ ಅಂತಲೂ ಕೇಳಲಿಲ್ಲ. ಕೇಳಿದ್ದು ಒಂದೇ.

"ತೆಗೆದಿದ್ದು ಎಲ್ಲಿ ಅವ್ವ? ಯಾವ ಲ್ಯಾಬಿಗೆ ಹೋಯ್ತು?"

ನಾಗಲಕ್ಷ್ಮಿ ಗಂಡನ ಕಡೆ ನೋಡಿದಳು. ಅವನು ಟಿವಿ ನೋಡುತ್ತಿದ್ದ.

"ಡಾಕ್ಟ್ರು ಬಿಸಾಕುದ್ರು ಅಂತ ಕಾಣ್ತದೆ ಕಣೆ. ನಂಗ್ ಎಚ್ಚರ ಇರ್ಲಿಲ್ಲ."

"ಬಿಸಾಕಿದ್ರಾ?"

ಭಾನುವಾರವಿಡೀ ಕಾವ್ಯ ಊಟ ಸೇರದೆ ಓಡಾಡಿದಳು. ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೋಗಬೇಕಾದವಳು ನೆಟ್ಟಗೆ ನರ್ಸಿಂಗ್ ಹೋಮಿಗೆ ಹೋಗಿ, ರೋಗಿಗಳ ಎದುರಿಗೇ ಸುಧಾಕರ್ ಡಾಕ್ಟರನ್ನು ನಿಲ್ಲಿಸಿಕೊಂಡು ಬೈದಳಂತೆ. ಬಯಾಪ್ಸಿ ಬಿಸಾಕುವ ನಿಮಗೆ ಲೈಸೆನ್ಸ್ ಕೊಟ್ಟವರು ಯಾರು ಅಂದಳಂತೆ. ಅವರು ಮುಗಿಯುವ ತನಕ ಕೇಳಿಸಿಕೊಂಡು, "ನಿಮ್ಮ ತಂದೆಯವರ ಕೈಲೇ ಕೊಟ್ಟೆನಮ್ಮ, ನಿಮಗೇ ತಲುಪಿಸಿ ಅಂತ ಹೇಳಿ. ನಮ್ಮ ಸಿಸ್ಟರ್ ಅಲ್ಲೇ ಇದ್ದರು, ಕೇಳಿ" ಎಂದರಂತೆ.

ಕಾವ್ಯ ಮನೆಗೆ ವಾಪಸು ಬಂದಾಗ ಮುಂಬಾಗಿಲಿಂದಲೇ ಬಂದಳು. ಮರಿಮಲ್ಲಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ.

"ಅಪ್ಪ, ಬಾಟ್ಲಿ ಎಲ್ಲಿ?"

"ಯಾವ್ ಬಾಟ್ಲಿ?"

"ನಾನು ಹೋಗಿ ಆ ಡಾಕ್ಟರ್ ಮುಂದೆ ಮರ್ಯಾದೆ ಕಳ್ಕೊಂಡು ಬಂದಿದೀನಿ. ಸುಳ್ಳು ಹೇಳ್ಬೇಡಿ. ಎಲ್ಲಿ?"

ಅವನು ಹೇಳಲಿಲ್ಲ. ಶಿವರುದ್ರಮ್ಮ ಹೇಳಿದಳು, ತಪ್ಪೇನೂ ಇಲ್ಲದವರು ಹೇಳುವ ಹಾಗೆ. ಕಾವ್ಯ ಅಲ್ಲೇ ಕಂಬ ಹಿಡಿದು ಕೂತುಬಿಟ್ಟಳು.

"ಬಾಟ್ಲಿ ಸಮೇತ ಹೂತ್ರಾ ಅಜ್ಜಿ? ಬಾಟ್ಲಿ ಸಮೇತ ಅಂತ ಹೇಳಿ."

"ಥೂ, ಬಾಟ್ಲಿ ಯಾಕಮ್ಮಿ? ಎಲೆಲಿ ಸುತ್ತಿ ಮಡಗ್ದೊ."

"ಗಂಟು ತೆಗ್ದ್ರೆ ಕಾಯಿಲೆ ಹೋಯ್ತು ಅಂತ ನಿಮಗೆ ಯಾರು ಹೇಳಿದ್ರು? ಅದು ಕೊಬ್ಬಿನ ಗಂಟಾದ್ರೆ ಹೊಲಿಗೆ ಬಿಚ್ಚಿದ್ರೆ ಮುಗೀತು. ಕ್ಯಾನ್ಸರ್ ಆಗಿದ್ರೆ ನಾಳೆಯಿಂದ್ಲೇ ಓಡ್ಬೇಕು. ಯಾವುದು ಅಂತ ಆ ತುಂಡೇ ಹೇಳ್ಬೇಕಿತ್ತು. ಅದರ ಹೆಸರು ಹೇಳೋದನ್ನೇ ಅಪ್ಪ ನಾನು ಅಲ್ಲಿ ಕಲೀತಿರೋದು! ಊರಿನವರದ್ದೆಲ್ಲ ನೋಡ್ತೀನಿ, ನನ್ನ ಅವ್ವಂದು ಮಣ್ಣಲ್ಲಿ ಹಾಕಿದ್ದೀರಲ್ಲ!"

"ಕ್ಯಾನ್ಸರ್ ಗೀನ್ಸರ್ ಅಂತ ಒಳ್ಳೆ ಬಾಯಲ್ಲಿ ಅನ್ಬ್ಯಾಡ" ಮರಿಮಲ್ಲಪ್ಪನ ದನಿ ಏರಿತು. "ನಿನ್ ಓದ್ಗೆ ನಮ್ಮನೆ ಮಾಂಸ್ವೇ ಬೇಕಾಗಿತ್ತಾ?"

ಕಾವ್ಯ ತಾಯಿಯ ಕಡೆ ತಿರುಗಿದಳು. "ನಿನಗೂ ಗೊತ್ತಿತ್ತಾ ಅವ್ವ?"

ನಾಗಲಕ್ಷ್ಮಿ ಸೆರಗು ಬಾಯಿಗೆ ಒತ್ತಿಕೊಂಡಳು. ಬೇರೆ ಉತ್ತರ ಬೇಕಿರಲಿಲ್ಲ.

ಮಹದೇವ ಒಬ್ಬನೇ ಎದ್ದ. ಜೀವನದಲ್ಲಿ ಮೊದಲ ಸಲ ಅಪ್ಪನನ್ನು ಕೇಳದೆ ಗುದ್ದಲಿ ತೆಗೆದುಕೊಂಡು, ತಂಗಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊಲಕ್ಕೆ ಹೋದ. ಮಧ್ಯಾಹ್ನ ಇಬ್ಬರೂ ತಿರುಗಿ ಬಂದರು. ಕಾವ್ಯ ಬಚ್ಚಲಲ್ಲಿ ಕೈ ತೊಳೆದಳು, ಮತ್ತೆ ತೊಳೆದಳು. ಉಗುರಲ್ಲಿ ಕೆಮ್ಮಣ್ಣು.

"ಸಿಕ್ತೇನ್ಲಾ?" ಎಂದಳು ನಾಗಲಕ್ಷ್ಮಿ ಮಗನನ್ನು.

"ಎಲೆಗೆ ಗೆದ್ಲು ಹಿಡ್ದಿತ್ತು ಕಣವ್ವ, ಒಳ್ಗಡೆದು ಕೊಳ್ತೋಗಿತ್ತು" ಎಂದ ಅವನು. ಅಷ್ಟು ಹೇಳಿ ಗೋಡೆ ಕಡೆ ತಿರುಗಿದ.

"ಸಮಾಧಿ ತಾವು ಅಗುದ್ಬುಟ್ಳು, ಈ ಮನೆ ಉದ್ಧಾರ ಆಗಲ್ಲ" ಎಂದು ಶಿವರುದ್ರಮ್ಮ ಒಳಗೆ ಶುರುಮಾಡಿದಳು. ಕಾವ್ಯ ಬ್ಯಾಗು ಹೆಗಲಿಗೆ ಹಾಕಿಕೊಂಡಳು. ತಾಯಿ ಎಲೆಯಲ್ಲಿ ಕಟ್ಟಿದ ರೊಟ್ಟಿ ಹಿಡಿದು ಬಾಗಿಲ ತನಕ ಹೋದಳು. ಮಗಳು ತೆಗೆದುಕೊಳ್ಳಲಿಲ್ಲ. ಆಮೇಲಿನ ಶನಿವಾರ ಅವಳು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಶಿವರುದ್ರಮ್ಮನ ಬಿಸಿನೀರು ಬಚ್ಚಲಲ್ಲೇ ತಣ್ಣಗಾಗುತ್ತಿತ್ತು.

ಬರಲಿಲ್ಲವೆಂದರೆ ಮರೆತಳೆಂದಲ್ಲ. ಫೋನು ಮಾತ್ರ ದಿನವೂ ಬರುತ್ತಿತ್ತು, ಅದೂ ನರ್ಸು ಮಾತಾಡಿದಷ್ಟೇ. ಜ್ವರ ಇದೆಯಾ, ಗಾಯ ಒಣಗಿದೆಯಾ, ಕಂಕುಳಲ್ಲಿ ಗಡ್ಡೆ ಸಿಗುತ್ತಾ. ಕೊನೆಗೊಂದು ದಿನ ಹೇಳಿದಳು. ಮೈಸೂರಿನ ಆಸ್ಪತ್ರೆಯಲ್ಲಿ ಮಾತಾಡಿದ್ದೇನೆ. ಆ ಗಂಟಿದ್ದ ಜಾಗದ ಸುತ್ತಲಿನದನ್ನು ಇನ್ನಷ್ಟು ತೆಗೆದು ನೋಡುತ್ತಾರೆ. ಅಲ್ಲಿ ಏನಾದರೂ ಉಳಿದಿದ್ದರೆ ಸಿಗುತ್ತದೆ. ನೀನು ಬರಬೇಕು.

ಮರಿಮಲ್ಲಪ್ಪ ಉಣ್ಣುತ್ತಿದ್ದ ತಟ್ಟೆ ತಳ್ಳಿದ. "ವಾಸಿಯಾದ್ ಗಾಯನ ಮತ್ತೆ ಕುಯ್ಸಾಕೋಯ್ತಿಯಾ? ನಾನ್ ಬರಾದಿಲ್ಲ."

"ನೀವ್ ಬರ್ಬ್ಯಾಡಿ" ಎಂದಳು ನಾಗಲಕ್ಷ್ಮಿ. "ಮಾದೇವ ಬತ್ತನೆ."

ತನ್ನ ಬಾಯಿಂದ ಆ ಮಾತು ಬಂದದ್ದು ಕೇಳಿ ಅವಳಿಗೇ ಆಶ್ಚರ್ಯವಾಯಿತು. ಓರಗಿತ್ತಿಯ ಮಗಳಿಗೆ ಕೊಡಬೇಕೆಂದು ಎತ್ತಿಟ್ಟಿದ್ದ ಸೀರೆಯನ್ನೇ ಉಟ್ಟುಕೊಂಡು ಮೈಸೂರಿಗೆ ಹೊರಟಳು. ಈ ಸಲ ಪೂರ್ತಿ ಮಂಪರು ಕೊಟ್ಟು ಕೊಯ್ದರು. ಎಚ್ಚರವಾದಾಗ ಪಕ್ಕದಲ್ಲಿ ಕೂತಿದ್ದ ಮಗಳು ಬಾಯಿಗೆ ಚಮಚದಲ್ಲಿ ನೀರು ಹಾಕಿದಳು. ಮುನಿಸು ಹೋಗಿತ್ತು ಎನ್ನುವಂತಿಲ್ಲ. ಬದಿಗಿಟ್ಟಿದ್ದಳು ಅಷ್ಟೆ.

ಹೊಲಿಗೆ ಬಿಚ್ಚಿದ ಮೇಲೆ ಒಂದು ದಿನ ಕಾವ್ಯ ತಾಯಿಯನ್ನು ಚಾಮರಾಜನಗರಕ್ಕೆ ಕರೆಸಿಕೊಂಡಳು. ಮೈಸೂರಿನ ಸ್ಲೈಡುಗಳನ್ನು ತರಿಸಿ ಅವಳ ಮೇಡಂ ಕೂಡ ನೋಡಿದ್ದರು. ನಾಗಲಕ್ಷ್ಮಿ ಆ ಲ್ಯಾಬಿನೊಳಗೆ ಕಾಲಿಟ್ಟಿದ್ದು ಅದೇ ಮೊದಲು. ಕಣ್ಣು ಉರಿಯುವ ವಾಸನೆ. ಗೋಡೆಯುದ್ದಕ್ಕೂ ಬಾಟಲಿಗಳು, ಒಂದೊಂದರ ಮೇಲೂ ಒಂದೊಂದು ಹೆಸರು. ಈ ಹೆಸರಿನವರ ಮನೆಯವರೆಲ್ಲ ಮುಟ್ಟಿಸು ಅಂದದ್ದನ್ನು ಮುಟ್ಟಿಸಿದ್ದಾರಲ್ಲ ಎನ್ನಿಸಿ ಅವಳಿಗೆ ಹೊಟ್ಟೆಕಿಚ್ಚಾಯಿತು. ಕಾವ್ಯ ತಾಯಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಮೈಕ್ರೋಸ್ಕೋಪಿಗೆ ಕಣ್ಣಿಡಿಸಿದಳು.

"ಕಾಣ್ಸುತ್ತಾ?"

"ಗುಲಾಬಿ ಬಣ್ಣ ಕಾಣ್ತದೆ. ಇದು ನಂದಾ?"

"ನಿಂದೇ. ಇದು ವಾಸಿಯಾಗ್ತಿರೋ ಗಾಯ. ಆ ಕಡೆ ಇರೋದು ಕೊಬ್ಬು. ಎಲ್ಲಾ ಸ್ಲೈಡೂ ಹಿಂಗೇ ಇದೆ. ಕೆಟ್ಟದ್ದು ಯಾವುದೂ ಇಲ್ಲ."

ನಾಗಲಕ್ಷ್ಮಿಗೆ ಉಸಿರು ಬಂತು. "ಅಂಗಾದ್ರೆ ನಂಗೇನೂ ಇಲ್ಲ ಅನ್ನು."

ಕಾವ್ಯ ಸ್ಲೈಡನ್ನು ತೆಗೆದು, ಒರೆಸಿ, ಟ್ರೇಯಲ್ಲಿಟ್ಟಳು.

"ಯೋಳಮ್ಮಿ. ಇತ್ತೋ ಇಲ್ವೋ?"

"ಸುತ್ತ ಇಲ್ಲ ಅವ್ವ. ಗಂಟಲ್ಲಿ ಏನಿತ್ತು ಅಂತ ಗಂಟು ನೋಡಿದ್ರೆ ತಾನೇ? ಏನೂ ಅಲ್ಲದ್ದೂ ಆಗಿರ್ಬೋದು. ಕೆಟ್ಟದ್ದೇ ಇದ್ದು ಪೂರ್ತಿ ಬಂದಿರ್ಬೋದು. ಬರೋಕೆ ಮುಂಚೆ ಬೇರೆ ಕಡೆಗೆ ಹೊರಟಿರ್ಬೋದು. ಕ್ಯಾನ್ಸರ್ ಅಂತ ಹೆಸರು ಸಿಗದೆ ಯಾರೂ ಅದರ ಔಷಧಿ ಕೊಡಲ್ಲ. ಇಲ್ಲ ಅಂತಲೂ ಹೇಳಲ್ಲ. ಆರಾರು ತಿಂಗಳಿಗೆ ಬಂದು ತೋರ್ಸ್ಕೊಂಡು ಕಾಯ್ಬೇಕು."

"ಎಷ್ಟ್ ವರ್ಷ?"

"ಗೊತ್ತಿಲ್ಲ ಕಣವ್ವ."

ಹಾಗೆಂದು ಕಾವ್ಯ ಮೇಜಿಗೆ ತಲೆ ಇಟ್ಟು ಅತ್ತಳು. ಪಕ್ಕದ ಮೇಜಿನ ಹುಡುಗಿ ಎದ್ದು ಹೊರಗೆ ಹೋದಳು. ಊರೂರಿನ ಬಾಟಲಿಗಳಿಗೆ ಹೆಸರು ಹೇಳಲು ಕಲಿತ ಮಗಳು ತನ್ನೊಬ್ಬಳ ವಿಷಯಕ್ಕೆ ಬಂದಾಗ ಗೊತ್ತಿಲ್ಲ ಅನ್ನಬೇಕಾಯಿತಲ್ಲ ಎಂದು ನಾಗಲಕ್ಷ್ಮಿಯ ಹೊಟ್ಟೆ ಉರಿಯಿತು. ತನಗೆ ಏನಾಗಿದೆಯೋ ಎಂಬ ಭಯಕ್ಕಿಂತ ಆ ಉರಿಯೇ ದೊಡ್ಡದಾಗಿತ್ತು. ಬಸ್ಸಿನಲ್ಲಿ ವಾಪಸು ಬರುವಾಗಲೂ ಅದು ಆರಲಿಲ್ಲ.

ಮನೆಯಲ್ಲಿ ಮಹದೇವ "ಸ್ಲೈಡ್ನಲ್ಲಿ ಏನೂ ಇಲ್ವಂತೆ" ಎಂದದ್ದೇ ತಡ, ಮರಿಮಲ್ಲಪ್ಪ ಮಿಕ್ಕ ಮಾತು ಕೇಳಲಿಲ್ಲ. ಏನೂ ಇಲ್ಲ! ತಾನು ಹೇಳಿರಲಿಲ್ಲವೇ? ಇಷ್ಟು ದಿನ ಎದೆ ಮೇಲೆ ಕೂತಿದ್ದ ಕಲ್ಲು ಇಳಿದಂತಾಗಿ ಅವನ ಕಣ್ಣಲ್ಲಿ ನೀರೇ ಬಂತು. ಆ ನೀರು ಸುಳ್ಳಲ್ಲ. ಮುಂದಿನ ಸೋಮವಾರ ಪೂಜೆ ಮಾಡಿಸಿ ಹತ್ತಿರದವರಿಗೆಲ್ಲ ಒಬ್ಬಟ್ಟಿನ ಊಟ ಹಾಕುವುದೆಂದು ತೀರ್ಮಾನಿಸಿದ. ಒಬ್ಬಟ್ಟು ತಟ್ಟಬೇಕಾದವಳು ನಾಗಲಕ್ಷ್ಮಿಯೇ. ಎಡತೋಳು ಎತ್ತಲಾಗದೆ ಬಲಗೈಯಲ್ಲೇ ತಟ್ಟಿದಳು.

ಕಾವ್ಯ ಬರಲಿಲ್ಲ. ಡ್ಯೂಟಿ ಇದೆ ಎಂದಳು.

ಪಂಕ್ತಿಯಲ್ಲಿ ಚಿಕ್ಕಮಲ್ಲಮ್ಮನೂ ಕೂತಿದ್ದಳು. ಮಂಡಿಗೆ ಎಂಥದೋ ಎಣ್ಣೆ ತಿಕ್ಕಿಕೊಂಡು ವಾಸಿ ಮಾಡಿಕೊಂಡಿದ್ದಳಂತೆ. ಈಗ ಸೆರಗು ಸರಿಸಿ ಅಣ್ಣನಿಗೆ ಕತ್ತು ತೋರಿಸಿದಳು. ಗಂಟಲ ಪಕ್ಕ ಹುಣಸೆಬೀಜದಷ್ಟು ದಪ್ಪ ಗಂಟು.

"ಇದ್ನೂ ಒಂದ್ಸಲ ತೋರಿಸ್ಬೇಕು ಅಣ್ಣ. ಯಾಕೋ ದಿನಾ ಬೆಳೀತದೆ."

"ಇಲ್ಲೇ ನರ್ಸಿಂಗ್ ಹೋಮ್ನಲ್ಲಿ ತೆಗ್ಸಾಕ್ಬುಡನ" ಎಂದ ಮರಿಮಲ್ಲಪ್ಪ, ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ. "ಟೆಸ್ಟು ಗಿಸ್ಟು ಅಂತ ಅವ್ರು ಬಾಟ್ಲಿ ಕೊಡ್ತರೆ. ಅದೆಲ್ಲ ದುಡ್ಡು ಕೀಳಾ ದಂಧೆ. ಎಲೆಲಿ ಕಟ್ಟಿ ಮಣ್ಣಿಗ್ ಕೊಟ್ಬುಡು. ನಿಮ್ಮತ್ಗೆನ ನೋಡು. ಕಲ್ಲಂಗವಳೆ."

"ಶಿವ ಇಸ್ಕಂಡ" ಎಂದಳು ಶಿವರುದ್ರಮ್ಮ ಗೋಡೆಗೊರಗಿ.

ನಾಗಲಕ್ಷ್ಮಿ ಪಾಯಸದ ಪಾತ್ರೆಯನ್ನು ಪಂಕ್ತಿಯ ನಡುವೆ ಇಳಿಸಿದಳು.

"ಚಿಕ್ಕಮಲ್ಲಮ್ಮ, ಅವ್ರ್ ಮಾತ್ ಕೇಳ್ಬ್ಯಾಡ. ನಂಗ್ ಏನಿತ್ತು ಅಂತ ನನ್ ಮಗಳ್ಗೂ ಗೊತ್ತಿಲ್ಲ, ಅವಳ ಮೇಡಂಗೂ ಗೊತ್ತಿಲ್ಲ. ದಿನಾ ಮೀಯಾವಾಗ ಕೈ ಆಡ್ಸಿ ಆಡ್ಸಿ ನೋಡ್ಕಂತಾ ಇವ್ನಿ, ಎಲ್ಲಿ ಬತ್ತದೋ ಅಂತ. ಗೊತ್ತಾಗಾ ದಾರಿಯ ಇವ್ರೇ ಮುಚ್ಚಾಕುದ್ರು. ನಾಳೆ ಬೆಳಿಗ್ಗೆ ಬಸ್ಸಿಗೆ ನಾನೇ ನಿನ್ನ ಕರ್ಕೊಂಡ್ ಓಯ್ತೀನಿ ಕಾವ್ಯನ ತಾವ್ಕೆ. ಸೂಜಿ ಆಕಿ ನೋಡ್ತರೆ. ಅವ್ರು ತೆಗ್ದಿದ್ದನ್ನ ಯಾರ್ ಕೈಗೂ ಕೊಡ್ಬ್ಯಾಡ."

ಪಂಕ್ತಿಯಲ್ಲಿ ಕೈಗಳೆಲ್ಲ ನಿಂತವು. ಚಿಕ್ಕಮಲ್ಲಮ್ಮ ಅತ್ತಿಗೆಯ ಮುಖವನ್ನೂ ಅಣ್ಣನ ಮುಖವನ್ನೂ ನೋಡಿ ತಲೆ ಬಗ್ಗಿಸಿದಳು. ಮರಿಮಲ್ಲಪ್ಪನ ಕಿವಿ ಕೆಂಪಾಗಿತ್ತು. ನೆಂಟರ ಎದುರು ಹೆಂಡತಿ ಮಾತಾಡಿದ್ದು ಮದುವೆಯಾದ ಮೇಲೆ ಇದೇ ಮೊದಲು.

"ಇನ್ನೊಂದ್ ಮಾತಾಡುದ್ರೆ ಸರಿಯಾಗಿರಾಕಿಲ್ಲ" ಎಂದ ತಣ್ಣಗೆ. "ನಾಳೆ ಆ ಬಸ್ ಹತ್ತು ನೋಡನ. ಹತ್ತಿದ್ ಮ್ಯಾಲೆ ಈ ಮನೆ ಬಾಗ್ಲಿಗೆ ತಿರುಗಿ ಬರ್ಬ್ಯಾಡ."

ನಾಗಲಕ್ಷ್ಮಿ ಸೌಟು ಎತ್ತಿಕೊಂಡು ಅವನ ಎಲೆಗೆ ಪಾಯಸ ಬಡಿಸಿದಳು.

"ಬರ್ದೆ ಎಲ್ಲಿಗ್ ಓಗ್ಲಿ?" ಎಂದಳು. "ನನ್ನ ಆಗ್ಲೇ ಇಲ್ಲೇ ಮಣ್ಣು ಮಾಡಿದ್ದೀರಲ್ಲ."